ಹಡಗಿನಲ್ಲಿ ಪಾಸ್‌ಪೋರ್ಟ್ ಯಾರ ಕೈಯಲ್ಲಿ?

ವಿಮಾನದಲ್ಲಿ ಹೋಗಿಬರುವವರ ಪಾಸ್‌ಪೋರ್ಟ್‌ಗೆ ಕೆಲಸ ಬೀಳುವುದು ಹೊರಡುವಾಗ ಒಮ್ಮೆ, ತಲುಪಿದಾಗ ಒಮ್ಮೆ. ಕ್ರೂಸ್ ಹಡಗಿನ ಲೆಕ್ಕವೇ ಬೇರೆ. ಭಾರತೀಯ ಪ್ರವಾಸಿಗಳಿಗೆ ಚಿರಪರಿಚಿತವಾದ ಸಿಂಗಪುರ–ಪೆನಾಂಗ್–ಫುಕೆಟ್ ಸುತ್ತನ್ನೇ ತೆಗೆದುಕೊಂಡರೆ, ಬೆಂಗಳೂರು ಬಿಟ್ಟವರು ಮರಳಿ ಬೆಂಗಳೂರು ಸೇರುವಷ್ಟರಲ್ಲಿ ಭಾರತ, ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್‌ಗಳ ಗಡಿಯನ್ನು ಹೊರಹೋಗುವುದು, ಒಳಬರುವುದು ಎಲ್ಲ ಸೇರಿ ಹತ್ತು ಸಲ ದಾಟಿರುತ್ತಾರೆ. ಮಲಗುವ ಹಾಸಿಗೆ ಅದೇ, ಊಟದ ಹಾಲ್ ಅದೇ. ಬೆಳಿಗ್ಗೆ ಎದ್ದಾಗ ಕಿಟಕಿಯಾಚೆಯ ದೇಶ ಮಾತ್ರ ಬೇರೆ. ಗಡಿಯ ಕೆಲಸ ಎಷ್ಟೋ ಸಲ ಪ್ರಯಾಣಿಕ ನಿದ್ದೆಯಲ್ಲಿರುವಾಗಲೇ ನಡೆದುಹೋಗುತ್ತದೆ. ಹಾಗಾಗಿ ಹಡಗಿನಲ್ಲಿ ಪಾಸ್‌ಪೋರ್ಟ್ ಜೋಪಾನ ಮಾಡುವುದೆಂದರೆ ಅದನ್ನು ಎದೆಗೆ ಕಟ್ಟಿಕೊಂಡು ತಿರುಗುವುದಲ್ಲ. ಯಾವ ಹೊತ್ತಿಗೆ ಅದು ಎಲ್ಲಿರಬೇಕು, ಯಾರ ಕೈಯಲ್ಲಿರಬೇಕು ಎಂಬುದನ್ನು ತಿಳಿದಿರುವುದು.

ತೊಡಕು ಶುರುವಾಗುವುದು ಬಂದರಿನಲ್ಲಲ್ಲ, ಟಿಕೆಟ್ ಬುಕ್ ಮಾಡುವ ದಿನ, ಅದೂ ಹೆಸರಿನಿಂದ. ಹಡಗಿನ ಕಂಪನಿಗೆ ಕೊಟ್ಟ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು. ಕರ್ನಾಟಕದ ಹಳೆಯ ತಲೆಮಾರಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಶಿಯಲ್ಲುಗಳಾಗಿ ಮುಂದೆ ನಿಲ್ಲುತ್ತವೆ, ಕೊನೆಯಲ್ಲಿ ಒಂದೇ ಒಂದು ಹೆಸರು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದ್ದರಲ್ಲಿ ಯಾವುದು ಸರ್‌ನೇಮ್ ಖಾನೆಗೆ ಹೋಯಿತು, ಯಾವುದು ಗಿವನ್ ನೇಮ್ ಖಾನೆಗೆ ಹೋಯಿತು ಎಂಬುದು ಅಂದು ಫಾರಂ ತುಂಬಿದವರ ಮರ್ಜಿ. ಬ್ಯಾಂಕಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು ಇರುವ ಅತ್ತೆಯವರಿಗೆ ಮಗನೋ ಸೊಸೆಯೋ ಬುಕಿಂಗ್ ಮಾಡುವಾಗ, ಮನೆಯಲ್ಲಿ ಕರೆಯುವ ಹೆಸರೇ ಬೆರಳಿಗೆ ಬರುತ್ತದೆ.

ಸಂಶಯವಿದ್ದರೆ ಪಾಸ್‌ಪೋರ್ಟ್‌ನ ಫೋಟೊ ಪುಟದ ತಳದಲ್ಲಿರುವ ಎರಡು ಸಾಲು ನೋಡಬೇಕು. ಒಂದೊಂದರಲ್ಲೂ 44 ಅಕ್ಷರ ಸ್ಥಾನಗಳು; ಖಾಲಿ ಜಾಗದಲ್ಲೆಲ್ಲ ಬಾಣದ ಮೊನೆಯಂಥ ಗುರುತು. ಮೊದಲ ಸಾಲು ಪಿ ಅಕ್ಷರದಿಂದ ಹೊರಟು, ಐಎನ್‌ಡಿ ಎಂದು ದೇಶ ಹೇಳಿ, ಸರ್‌ನೇಮ್ ಬರೆದು, ಎರಡು ಮೊನೆ ಹಾಕಿ, ಆಮೇಲೆ ಗಿವನ್ ನೇಮ್ ಬರೆಯುತ್ತದೆ. ಬಂದರಿನ ಯಂತ್ರ ಓದುವುದು ಇದನ್ನೇ. ಬುಕಿಂಗ್ ಇದಕ್ಕೆ ತಾಳೆಯಾದರೆ ಸಾಕು. ಸರ್‌ನೇಮ್ ಇಲ್ಲದ ಒಂಟಿ ಹೆಸರಿನವರ ಪಾಡು ಇನ್ನೂ ಕಷ್ಟದ್ದು. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆದೀತು ಎಂದು ಆಮೇಲೆ ಸಡಿಲಿಸಿತು. ದುಬೈನಿಂದ ಹಡಗು ಹತ್ತುವವರಿಗೆ ಇದು ನೇರವಾಗಿ ತಟ್ಟುವ ಮಾತು. ಅಮೆರಿಕದ ವೀಸಾದಲ್ಲಿ ಗಿವನ್ ನೇಮ್ ಖಾಲಿ ಇದ್ದರೆ ಅಲ್ಲಿ ಎಫ್‌ಎನ್‌ಯು ಎಂದು ಅಚ್ಚಾಗುತ್ತದೆ. ‘ಮೊದಲ ಹೆಸರು ಗೊತ್ತಿಲ್ಲ’ ಎಂಬುದೇ ಎಷ್ಟೋ ಕನ್ನಡಿಗರ ಮೊದಲ ಹೆಸರಾಗಿ ಆ ದೇಶದ ದಾಖಲೆಗಳಲ್ಲಿ ಉಳಿದಿದೆ.

ಮುಂದಿನದು ಅವಧಿ. ಅನೇಕ ದೇಶಗಳು, ಅವುಗಳ ಜೊತೆಗೆ ಹೆಚ್ಚಿನ ಹಡಗು ಕಂಪನಿಗಳೂ, ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಆಯಸ್ಸು ಇರಬೇಕು ಎನ್ನುತ್ತವೆ. ಈ ಆರು ತಿಂಗಳನ್ನು ಹೊರಡುವ ದಿನದಿಂದಲ್ಲ, ಪ್ರವಾಸ ಮುಗಿಯುವ ದಿನದಿಂದ ಎಣಿಸಿಕೊಳ್ಳುವುದು ಕ್ಷೇಮ. ದೊಡ್ಡವರ ಪಾಸ್‌ಪೋರ್ಟ್ 10 ವರ್ಷ ಬಾಳುತ್ತದೆ, ಮಕ್ಕಳದ್ದು ಸಾಮಾನ್ಯವಾಗಿ 5 ವರ್ಷ. ಮನೆಯವರೆಲ್ಲ ಒಟ್ಟಿಗೆ ಮಾಡಿಸಿದ್ದರೂ ಮಗುವಿನದ್ದು ಅರ್ಧ ದಾರಿಯಲ್ಲೇ ಮುಗಿದಿರುತ್ತದೆ. ಅದು ಗೊತ್ತಾಗುವುದು ಚೀಟಿಚಪಾಟಿ ಜೋಡಿಸುವ ಕೊನೆಯ ವಾರದಲ್ಲಿ. ಮಗು ಅಪ್ಪ ಅಥವಾ ಅಮ್ಮ ಒಬ್ಬರ ಜೊತೆ, ಇಲ್ಲವೇ ಅಜ್ಜ ಅಜ್ಜಿಯ ಜೊತೆ ಹೊರಟಿದ್ದರೆ ಉಳಿದವರ ಒಪ್ಪಿಗೆ ಪತ್ರವನ್ನೂ ಅನೇಕ ಕಂಪನಿಗಳು ಕೇಳುತ್ತವೆ.

ವೀಸಾದ ವಿಚಾರದಲ್ಲಿ ಹಡಗಿನವರು ಎಡವುವುದು ಎರಡು ಕಡೆ. ಇಳಿಯದ ಊರಿಗೂ ವೀಸಾ ಬೇಕಾಗಬಹುದು ಎಂಬುದು ಒಂದು, ಹೊರಟ ಊರಿಗೇ ಮರಳಿ ಬಂದರೂ ಅದು ಹೊಸ ಪ್ರವೇಶ ಎಂಬುದು ಇನ್ನೊಂದು. ಸಿಂಗಪುರಕ್ಕೆ ವಿಮಾನದಲ್ಲಿ ಇಳಿದಾಗ ಒಂದು ಪ್ರವೇಶ ಮುಗಿಯಿತು. ನಾಲ್ಕು ರಾತ್ರಿ ಕಳೆದು ಹಡಗು ಮರೀನಾ ಬೇ ಕ್ರೂಸ್ ಸೆಂಟರ್‌ಗೆ ಬಂದು ನಿಂತಾಗ ಎರಡನೆಯದು. ಒಂದೇ ಪ್ರವೇಶದ ವೀಸಾ ಇಟ್ಟುಕೊಂಡವರು ಅಲ್ಲಿ ಸಿಕ್ಕಿಬೀಳುತ್ತಾರೆ ಎನ್ನುವುದಕ್ಕಿಂತ, ಅವರನ್ನು ಕಂಪನಿ ಮೊದಲೇ ಹಡಗು ಹತ್ತಿಸುವುದಿಲ್ಲ ಎನ್ನುವುದೇ ಸರಿ. ವಿಮಾನಕ್ಕೆ ಮೊದಲು ತುಂಬಿದ ಸಿಂಗಪುರದ ಆಗಮನ ಕಾರ್ಡನ್ನೂ ಹಡಗಿನಿಂದ ಮರಳುವ ಮುನ್ನ ಮತ್ತೆ ತುಂಬಬೇಕು. ಥಾಯ್ಲೆಂಡ್ 2023ರ ನವೆಂಬರ್‌ನಿಂದ, ಮಲೇಷ್ಯಾ ಅದೇ ವರ್ಷದ ಡಿಸೆಂಬರ್‌ನಿಂದ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟವು. ಇಂಥ ವಿನಾಯಿತಿಗಳಿಗೆ ಗಡುವೂ ಷರತ್ತೂ ಇರುತ್ತವೆ, ನಡುನಡುವೆ ಬದಲಾಗುತ್ತವೆ. ಕಳೆದ ವರ್ಷ ಹೋಗಿಬಂದ ಷಡ್ಡಕರ ಮಾತನ್ನು ನೆಚ್ಚಿ ಹೊರಡುವಂಥ ವಿಷಯ ಇದಲ್ಲ.

ಯುರೋಪಿನಲ್ಲೂ ಇದೇ ಕತೆ. ಅಥೆನ್ಸ್ ಬಳಿಯ ಪಿರೇಯಸ್‌ನಿಂದ ಹೊರಟ ಹಡಗು ತುರ್ಕಿಯ ಕುಶಾದಸಿಗೆ ಹೋಗಿ ಮತ್ತೆ ಗ್ರೀಕ್ ದ್ವೀಪಕ್ಕೆ ಬಂದರೆ ಒಂದೇ ವೀಸಾದಲ್ಲಿ ಹಲವು ದೇಶ ಸುತ್ತಬಹುದಾದ ಷೆಂಗೆನ್ ಪ್ರದೇಶ ಬಿಟ್ಟು ಮತ್ತೆ ಹೊಕ್ಕಂತೆ. ಕ್ರೊಯೇಷಿಯಾ 2023ರ ಜನವರಿಯಲ್ಲಿ ಷೆಂಗೆನ್ ಸೇರಿತು. ಅದರ ಮಗ್ಗುಲಲ್ಲೇ ಇರುವ, ಹಡಗುಗಳಿಗೆ ಬಲು ಇಷ್ಟವಾದ ಮಾಂಟೆನೆಗ್ರೊದ ಕೊಟೊರ್ ಇನ್ನೂ ಹೊರಗೇ ಇದೆ. ನಕಾಶೆಯಲ್ಲಿ ಒಂದು ಬೆರಳಗಲದ ನೀರು, ವೀಸಾದಲ್ಲಿ ಇನ್ನೊಂದು ಪ್ರವೇಶ.

ಎಲ್ಲಕ್ಕಿಂತ ಸೋಜಿಗದ್ದು ಅಲಾಸ್ಕಾ. ಅಲಾಸ್ಕಾ ಅಮೆರಿಕದ್ದೇ, ಹಡಗು ಹೊರಡುವ ಸಿಯಾಟಲ್ ಕೂಡ ಅಮೆರಿಕದ್ದೇ. ಆದರೂ ಕೆನಡಾದ ವೀಸಾ ಬೇಕು. ಕಾರಣ 1886ರ ಒಂದು ಕಾಯ್ದೆ: ವಿದೇಶಿ ಬಾವುಟದ ಹಡಗುಗಳು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸಬಾರದು, ನಡುವೆ ಒಂದು ಹೊರದೇಶದ ಬಂದರನ್ನಾದರೂ ಮುಟ್ಟಬೇಕು. ಸ್ವದೇಶಿ ಹಡಗುಗಳ ವ್ಯಾಪಾರ ಕಾಯಲು ಮಾಡಿದ ಆ ಕಾಯ್ದೆಯಿಂದಾಗಿ, ಬಹಾಮಾಸ್‌ನಲ್ಲೋ ಪನಾಮಾದಲ್ಲೋ ನೋಂದಾಯಿತವಾದ ಇಂದಿನ ದೊಡ್ಡ ಕ್ರೂಸ್ ಹಡಗುಗಳು ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಂತು ಬರುತ್ತವೆ. ಹೊರಗೆ ಕತ್ತಲಾಗಿರುತ್ತದೆ, ಎಷ್ಟೋ ಜನ ಇಳಿಯುವುದೂ ಇಲ್ಲ. ಇಳಿಯಲಿ ಬಿಡಲಿ, ಮೈಸೂರಿನಿಂದ ಮಗಳ ಮನೆಗೆ ಬಂದ ಅಪ್ಪ ಅಮ್ಮನಿಗೆ ಅಮೆರಿಕದ ವೀಸಾದ ಜೊತೆ ಕೆನಡಾದ್ದೂ ಬೇಕು. ಗ್ರೀನ್ ಕಾರ್ಡ್ ಇರುವ ಅಳಿಯನಿಗೆ ಆ ವೀಸಾ ಬೇಡ, ಪಾಸ್‌ಪೋರ್ಟೂ ಕಾರ್ಡೂ ಇದ್ದರೆ ಸಾಕು. ಅಮೆರಿಕದಲ್ಲೇ ಹುಟ್ಟಿದ ಮೊಮ್ಮಗನಿಗಂತೂ, ಹೊರಟ ಬಂದರಿಗೇ ಮರಳುವ ಇಂಥ ಪ್ರವಾಸದಲ್ಲಿ, ಜನನ ಪ್ರಮಾಣಪತ್ರವೇ ಸಾಲುತ್ತದೆ. ಒಂದೇ ಊಟದ ಮೇಜಿಗೆ ಕೂತ ಮನೆಯವರಿಗೆ ಮೂರು ಬಗೆಯ ಕಾಗದ.

ಅಮೆರಿಕದಲ್ಲಿ ಕೆಲಸಕ್ಕಾಗಿ ಎಚ್-1ಬಿ ವೀಸಾದ ಮೇಲಿರುವವರು ಇನ್ನೊಂದು ಹಳ್ಳ ನೋಡಿಕೊಳ್ಳಬೇಕು. ಪಾಸ್‌ಪೋರ್ಟ್‌ನಲ್ಲಿನ ವೀಸಾ ಸ್ಟಾಂಪ್ ಮುಗಿದಿದ್ದರೂ, ಅಮೆರಿಕದಲ್ಲಿ ಇರುವ ಅನುಮತಿ ಊರ್ಜಿತದಲ್ಲಿದ್ದರೆ, ಕೆನಡಾ ಅಥವಾ ಮೆಕ್ಸಿಕೊಗೆ ಹೋಗಿ 30 ದಿನದೊಳಗೆ ಮರಳಬಹುದು ಎಂಬ ಸೌಲಭ್ಯವಿದೆ. ಕೆರಿಬಿಯನ್ ದ್ವೀಪಗಳಿಗೂ ಅದು ಅನ್ವಯಿಸುವುದು ಎಫ್ ಮತ್ತು ಜೆ ವೀಸಾದ ವಿದ್ಯಾರ್ಥಿಗಳಿಗೆ, ಸಂಶೋಧಕರಿಗೆ ಮಾತ್ರ. ಅವರಿಗೂ ಕ್ಯೂಬಾ ಬಿಟ್ಟು. ಮುಗಿದ ಸ್ಟಾಂಪ್ ಇಟ್ಟುಕೊಂಡು ಮಯಾಮಿಯಿಂದ ಬಹಾಮಾಸ್‌ಗೆ ಮೂರು ದಿನದ ಹಡಗು ಹತ್ತಿದ ಎಂಜಿನಿಯರ್ ಕಾನೂನಿನ ಕಣ್ಣಿನಲ್ಲಿ ಹೊಸ ವೀಸಾ ಇಲ್ಲದೆ ಬಂದು ನಿಂತ ವಿದೇಶಿ. ಅದೇ ಹಡಗಿನಲ್ಲಿದ್ದ ಎಂ.ಎಸ್. ವಿದ್ಯಾರ್ಥಿ ಇಳಿದು ಮನೆಗೆ ಹೋಗಬಹುದು.

ಆಫ್ರಿಕಾ, ದಕ್ಷಿಣ ಅಮೆರಿಕದ ಕಡೆ ಹೋಗುವ ಹಡಗಾದರೆ ಹಳದಿ ಜ್ವರದ ಲಸಿಕೆಯ ಪುಸ್ತಿಕೆಯೂ ಪಾಸ್‌ಪೋರ್ಟ್‌ನ ಜೊತೆಗಿರಬೇಕು. ಆ ರೋಗವಿರುವ ದೇಶಗಳಿಂದ ಬರುವವರನ್ನು ಭಾರತ ಬಹಳ ಕಟ್ಟುನಿಟ್ಟಾಗಿ ತಪಾಸಿಸುತ್ತದೆ. ಪುಸ್ತಿಕೆ ಇಲ್ಲದಿದ್ದರೆ ಸ್ವಂತ ದೇಶದಲ್ಲೇ ಕ್ವಾರಂಟೈನ್.

ಹಡಗು ಹತ್ತುವ ದಿನದ ದೊಡ್ಡ ಅಪಾಯ ಕಳ್ಳರಲ್ಲ, ಸ್ವಂತ ಸೂಟ್‌ಕೇಸು. ಟರ್ಮಿನಲ್ ಬಾಗಿಲಲ್ಲೇ ದೊಡ್ಡ ಲಗೇಜನ್ನು ಪೋರ್ಟರುಗಳು ತೆಗೆದುಕೊಂಡುಬಿಡುತ್ತಾರೆ. ಚೀಟಿ ಕಟ್ಟಿಸಿಕೊಂಡ ಪೆಟ್ಟಿಗೆ ಬೇರೆ ದಾರಿಯಲ್ಲಿ ಹಡಗಿನ ಹೊಟ್ಟೆ ಸೇರಿ, ಸಂಜೆಯ ಹೊತ್ತಿಗೆ ಕ್ಯಾಬಿನ್ ಬಾಗಿಲಿಗೆ ಬರುತ್ತದೆ. ಕೌಂಟರ್ ಮುಂದೆ ನಿಂತಾಗ ಪಾಸ್‌ಪೋರ್ಟ್ ಆ ಪೆಟ್ಟಿಗೆಯ ಸೀರೆಗಳ ನಡುವೆ ಇದ್ದರೆ, ಸಾವಿರಾರು ಪೆಟ್ಟಿಗೆಗಳಲ್ಲಿ ಅದೊಂದನ್ನು ಹುಡುಕಿಸಬೇಕು. ಪಾಸ್‌ಪೋರ್ಟ್, ವೀಸಾದ ಪ್ರಿಂಟ್, ಹಳೆಯ ಪಾಸ್‌ಪೋರ್ಟ್‌ನಲ್ಲಿ ಊರ್ಜಿತ ವೀಸಾ ಇದ್ದರೆ ಅದೂ, ವಿಮೆ ಪತ್ರ, ಬೋರ್ಡಿಂಗ್ ಪಾಸ್, ದಿನದ ಔಷಧಿ ಇವು ಹೆಗಲ ಚೀಲದಲ್ಲಿರಬೇಕು.

ಕೌಂಟರಿನಲ್ಲಿ ಕಾಗದ ನೋಡಿ, ಮುಖದ ಫೋಟೊ ತೆಗೆದು, ಎಟಿಎಂ ಕಾರ್ಡಿನಂಥ ಒಂದು ಕಾರ್ಡ್ ಕೊಡುತ್ತಾರೆ. ಕೆಲವು ಕಂಪನಿಗಳಲ್ಲಿ ಕೈಗೆ ಕಟ್ಟುವ ಪಟ್ಟಿ. ಕ್ಯಾಬಿನ್ನಿನ ಬೀಗದಕೈ ಅದೇ, ಹಡಗಿನ ಅಂಗಡಿಗಳಲ್ಲಿ ದುಡ್ಡೂ ಅದೇ. ಗ್ಯಾಂಗ್‌ವೇಯಲ್ಲಿ, ಎಂದರೆ ಹಡಗಿಗೂ ದಡಕ್ಕೂ ಹಾಕಿದ ಸೇತುವೆಯ ಬಾಯಲ್ಲಿ, ಅದನ್ನು ಯಂತ್ರಕ್ಕೆ ಮುಟ್ಟಿಸಿದರೆ ಟಿಂಗ್ ಎನ್ನುತ್ತದೆ. ಕಾವಲಿನವನ ಪರದೆಯಲ್ಲಿ ಮುಖ ಮೂಡುತ್ತದೆ. ಯಾರು ಒಳಗಿದ್ದಾರೆ, ಯಾರು ದಡದಲ್ಲಿದ್ದಾರೆ ಎಂಬುದನ್ನು ಹಡಗು ಆ ಟಿಂಗ್‌ನಿಂದಲೇ ಲೆಕ್ಕ ಇಡುತ್ತದೆ. ಇದು ಹಡಗಿನ ಗುರುತು ಮಾತ್ರ. ಬಂದರಿನ ಗೇಟು ದಾಟಿ ಪೊಲೀಸ್ ಕೇಳಿದರೆ ಇದಕ್ಕೆ ಬೆಲೆ ಅಷ್ಟಕ್ಕಷ್ಟೇ.

ಅನೇಕ ಮಾರ್ಗಗಳಲ್ಲಿ, ಕೆಲವೊಮ್ಮೆ ಕೆಲವೇ ದೇಶಗಳವರದ್ದು ಮಾತ್ರ, ಪಾಸ್‌ಪೋರ್ಟನ್ನು ಕೌಂಟರಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಮೊದಲ ಸಲ ಹೋಗುವವರಿಗೆ ಎದೆ ಧಸಕ್ಕೆನ್ನುವುದು ಇಲ್ಲಿ. ಪಾಸ್‌ಪೋರ್ಟನ್ನು ಯಾರ ಕೈಗೂ ಕೊಡಬೇಡಿ ಎಂದು ಹೇಳಿಸಿಕೊಂಡೇ ಬಂದವರು ಅವರು. ಕೊಲ್ಲಿ ದೇಶಗಳಲ್ಲಿ ಮಾಲೀಕರು ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು ಕೂಲಿಯವರನ್ನು ಕಾಡಿದ ಕತೆಗಳನ್ನು ಕರಾವಳಿಯ ಮನೆಗಳು ಚೆನ್ನಾಗಿ ಬಲ್ಲವು. ಕಾನೂನಿನ ಪ್ರಕಾರ ಪಾಸ್‌ಪೋರ್ಟ್ ಅದನ್ನು ಹೊತ್ತವರದ್ದೂ ಅಲ್ಲ: 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನಂತೆ ಅದು ಕೇಂದ್ರ ಸರ್ಕಾರದ ಸೊತ್ತು. ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ ಇರುವುದು, ಪೊಲೀಸರಿಗಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತ್ತು. ಹಡಗಿನವರು ಮಾಡುವುದು ಮುಟ್ಟುಗೋಲಲ್ಲ, ಗಡಿ ಕೆಲಸಕ್ಕಾಗಿ ಇಟ್ಟುಕೊಳ್ಳುವುದು. ಟಿಕೆಟಿನ ಷರತ್ತುಗಳಲ್ಲಿ ಅದಕ್ಕೆ ಒಪ್ಪಿಗೆಯೂ ಸೇರಿರುತ್ತದೆ.

ಅದರ ಕಾರಣ ಬಂದರಿನ ಬೆಳಗನ್ನು ನೋಡಿದರೆ ತಿಳಿಯುತ್ತದೆ. ಮೂರು ಸಾವಿರ ಜನರ ಹಡಗು ಏಳು ಗಂಟೆಗೆ ಧಕ್ಕೆಗೆ ತಾಗಿ, ಎಂಟಕ್ಕೆ ಜನರನ್ನು ಇಳಿಸಬೇಕು. ಒಬ್ಬೊಬ್ಬರನ್ನೇ ಸಾಲಿನಲ್ಲಿ ನಿಲ್ಲಿಸಿದರೆ ಮಧ್ಯಾಹ್ನ ದಾಟುತ್ತದೆ. 1965ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದವೊಂದು ಹಡಗುಗಳ ಕಾಗದಪತ್ರಕ್ಕೆ ಅದಕ್ಕೆ ಸೇರಿದ ದೇಶಗಳೆಲ್ಲ ಒಪ್ಪುವ ನಮೂನೆಗಳನ್ನು ಕೊಟ್ಟಿದೆ. ಫ್ಯಾಲ್ ಒಪ್ಪಂದ ಎಂದು ಅದರ ಬಳಕೆಯ ಹೆಸರು. ಅದರ ಪ್ರಯಾಣಿಕರ ಪಟ್ಟಿಯಲ್ಲಿ ಹೆಸರು, ರಾಷ್ಟ್ರೀಯತೆ, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ಹತ್ತಿದ ಬಂದರು, ಇಳಿಯುವ ಬಂದರು ಇರುತ್ತವೆ. 2024ರ ಜನವರಿಯಿಂದ ಬಂದರುಗಳು ಇಂಥ ಮಾಹಿತಿಯನ್ನು ಒಂದೇ ಡಿಜಿಟಲ್ ಕಿಂಡಿಯ ಮೂಲಕ ಪಡೆಯಬೇಕೆಂಬ ನಿಯಮವೂ ಬಂದಿದೆ. ಹಡಗು ಇನ್ನೂ ನಡುಗಡಲಲ್ಲಿರುವಾಗಲೇ ಪಟ್ಟಿ ಬಂದರು ಸೇರಿರುತ್ತದೆ. ಅಧಿಕಾರಿಗಳು ಹಡಗು ಹತ್ತಿ, ಬೇಕೆನಿಸಿದ ಪಾಸ್‌ಪೋರ್ಟ್‌ಗಳನ್ನು ತೆರೆದು ನೋಡಿ, ಮೊಹರು ಒತ್ತಬೇಕಾದಲ್ಲಿ ಒತ್ತಿ ‘ಕ್ಲಿಯರ್’ ಎನ್ನುವವರೆಗೆ ಯಾರೂ ಕೆಳಗಿಳಿಯುವಂತಿಲ್ಲ. ಆ ಹೊತ್ತಿಗೆ ಪಾಸ್‌ಪೋರ್ಟ್‌ಗಳು ದೇಶವಾರು ಜೋಡಿಸಿಟ್ಟು, ಹಡಗಿನ ಕಾಗದಪತ್ರ ನೋಡಿಕೊಳ್ಳುವ ಪರ್ಸರ್ ಕಚೇರಿಯಲ್ಲೇ ಇದ್ದರೆ ಕೆಲಸ ಬೇಗ. ಕೆಲವು ಬಂದರುಗಳಲ್ಲಿ ಮಾತ್ರ ಮುಖಾಮುಖಿ ತಪಾಸಣೆಯೇ ಆಗಬೇಕು. ಆಗ ಹಡಗಿನಲ್ಲೇ ಉಳಿಯುವವರೂ ಕರೆದ ಹೊತ್ತಿಗೆ ಎದ್ದುಬರಬೇಕು. ಒಬ್ಬರು ಮಲಗಿದ್ದರೂ ಉಳಿದವರೆಲ್ಲ ಕಾಯುವ ಸಂದರ್ಭ ಬರುತ್ತದೆ, ಧ್ವನಿವರ್ಧಕದಲ್ಲಿ ಕ್ಯಾಬಿನ್ ಸಂಖ್ಯೆ ಕೂಗುತ್ತಾರೆ.

ಇದೇ ಕೆಲಸದ ಮತ್ತೊಂದು ಮಗ್ಗುಲು ಪಣಂಬೂರಿನಲ್ಲಿ ಕಾಣುತ್ತದೆ. ಅಲ್ಲಿನ ನವಮಂಗಳೂರು ಬಂದರಿಗೆ ಚಳಿಗಾಲದ ಋತುವಿನಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಇ-ವೀಸಾದಲ್ಲಿ ಭಾರತ ಪ್ರವೇಶಿಸಲು ಅವಕಾಶವಿರುವ ಕಡಲ ಬಂದರುಗಳಲ್ಲಿ ಮುಂಬೈ, ಮರ್ಮಗೋವಾ, ಕೊಚ್ಚಿ, ಚೆನ್ನೈಗಳ ಜೊತೆ ಮಂಗಳೂರೂ ಇದೆ. ಬೆಳಿಗ್ಗೆ ತಪಾಸಣೆ ಮುಗಿಸಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ ನೋಡಿ, ಸಂಜೆ ಹಡಗು ಹತ್ತುವ ಆ ಪ್ರವಾಸಿಗಳಿಗೂ ಭಾರತ ಹತ್ತು ಗಡಿಗಳಲ್ಲಿ ಒಂದು. ಅವರಲ್ಲಿ ಅಮೆರಿಕದ ಪ್ರಜೆಯಾದ ಕನ್ನಡಿಗರಿದ್ದರೆ ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಮನೆಯಲ್ಲಿ ಬಿಟ್ಟುಬಂದಿರಬಾರದು. ತವರೂರಿನ ಧಕ್ಕೆ ಎದುರಿಗೇ ಇದ್ದರೂ ಕಾಲಿಡಲಾಗದು. ಹಡಗಿನ ನೌಕರರಿಗೆ, ಕರಾವಳಿಯ ಎಷ್ಟೋ ಮನೆಗಳ ಹುಡುಗರಿಗೆ, ಪಾಸ್‌ಪೋರ್ಟ್‌ನ ಜೊತೆ ಸಿಡಿಸಿ ಎಂಬ ನಾವಿಕರ ಪುಸ್ತಕವೂ ಇರುತ್ತದೆ. ಹಡಗಿನ ಸೇವೆಯ ದಾಖಲೆ ಅದು.

ದಡಕ್ಕೆ ಇಳಿಯುವ ದಿನ ಪಾಸ್‌ಪೋರ್ಟ್ ಒಯ್ಯಬೇಕೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಹಿಂದಿನ ರಾತ್ರಿ ಕ್ಯಾಬಿನ್‌ಗೆ ಬರುವ ದಿನಪತ್ರಿಕೆಯಂಥ ಹಾಳೆಯಲ್ಲೋ ಹಡಗಿನ ಆ್ಯಪ್‌ನಲ್ಲೋ ಇರುತ್ತದೆ. ಮೂಲ ಪಾಸ್‌ಪೋರ್ಟ್ ಬೇಕು ಎಂದಿದ್ದರೆ ಕಚೇರಿಯಿಂದ ಪಡೆದು ಒಯ್ಯಲೇಬೇಕು. ಹಾಗೆ ಹೇಳಿಲ್ಲದಿದ್ದರೆ ಕ್ಯಾಬಿನ್ನಿನ ಸೇಫ್‌ನಲ್ಲಿ ಬಿಡುವುದೇ ಒಳ್ಳೆಯದು. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಪಾಟಾಂಗ್ ಎದುರು ಲಂಗರು ಹಾಕಿ ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತವೆ. ಅಲೆ ಎರಚುತ್ತದೆ, ಮುಂದೆ ಮರಳು, ಬೆವರು. ಉಪ್ಪುನೀರು ಕುಡಿದು ಉಬ್ಬಿದ ಪಾಸ್‌ಪೋರ್ಟ್ ಹಾನಿಗೊಂಡ ಪಾಸ್‌ಪೋರ್ಟ್ ಎಂದೇ ಲೆಕ್ಕ, ಬದಲಾಯಿಸಿಕೊಳ್ಳಬೇಕು. ಚಿಪ್ ಇರುವ ಹೊಸ ಇ-ಪಾಸ್‌ಪೋರ್ಟನ್ನಂತೂ ಮಡಚಬಾರದು, ಪಿನ್ ಹೊಡೆಯಬಾರದು. ಒಯ್ಯಬೇಕಾಗಿಯೇ ಬಂದರೆ ಜಿಪ್ ಇರುವ ಪ್ಲಾಸ್ಟಿಕ್ ಚೀಲವೊಂದು ಸಾಕು.

ಮೂಲ ಬಿಟ್ಟು ಹೋಗುವವರ ಕೈಯಲ್ಲಿ ಜೆರಾಕ್ಸ್ ಇರಬೇಕು. ಫೋಟೊ ಪುಟ, ಅಪ್ಪ ಅಮ್ಮನ ಹೆಸರೂ ವಿಳಾಸವೂ ಇರುವ ಕೊನೆಯ ಪುಟ, ವೀಸಾ ಪುಟ ಇಷ್ಟರದ್ದು. ಅದೇ ಚಿತ್ರ ಫೋನಿನಲ್ಲೂ ಇರಲಿ, ಇಮೇಲ್‌ನಲ್ಲೂ ಇರಲಿ. ಫೋನೇ ಕಳೆದರೆ ಫೋನಿನ ಚಿತ್ರವೂ ಹೋಯಿತು. ಗಂಡ ಹೆಂಡತಿ ಒಬ್ಬರದ್ದನ್ನೊಬ್ಬರು ಇಟ್ಟುಕೊಳ್ಳುವುದು ಹಳೆಯ, ಒಳ್ಳೆಯ ಉಪಾಯ.

ಜೆರಾಕ್ಸ್‌ಗಿಂತಲೂ ಮುಖ್ಯ ಗಡಿಯಾರ. ಸಿಂಗಪುರ, ಮಲೇಷ್ಯಾಗಳಿಗಿಂತ ಥಾಯ್ಲೆಂಡ್ ಒಂದು ಗಂಟೆ ಹಿಂದೆ. ಹಡಗು ಸಿಂಗಪುರದ ಸಮಯವನ್ನೇ ಇಟ್ಟುಕೊಂಡಿದ್ದರೆ, ದಡಕ್ಕಿಳಿದ ಕೂಡಲೇ ಫೋನು ತಾನಾಗಿ ಥಾಯ್ ಸಮಯಕ್ಕೆ ಹೊರಳುತ್ತದೆ. ಐದಕ್ಕೆ ಬನ್ನಿ ಎಂದ ಹಡಗಿಗೆ ಫೋನು ನೋಡಿಕೊಂಡು ಐದಕ್ಕೇ ಬಂದರೆ ಅಲ್ಲಿ ಆಗಲೇ ಆರು. ತಡವಾದವರಿಗಾಗಿ ಹಡಗು ಕಾಯುವುದು ಕಂಪನಿಯದೇ ಬಸ್ಸಿನಲ್ಲಿ ಹೋದವರಿಗೆ, ಅದೂ ಒಂದು ಮಿತಿಯಲ್ಲಿ. ಬಾರದವರ ಕ್ಯಾಬಿನ್ ತೆರೆದು, ಸೇಫ್‌ನಲ್ಲಿ ಪಾಸ್‌ಪೋರ್ಟ್ ಸಿಕ್ಕರೆ ಅದನ್ನು ಬಂದರಿನ ಏಜೆಂಟರ ಕೈಗೆ ಕೊಟ್ಟು ಹೋಗುವ ಪದ್ಧತಿ ಅನೇಕ ಹಡಗುಗಳಲ್ಲಿದೆ. ಸೇಫ್ ಬಿಟ್ಟು ಬೇರೆಲ್ಲೋ, ದಿಂಬಿನ ಕವರಿನೊಳಗೋ ಬೂಟಿನೊಳಗೋ ಬಚ್ಚಿಟ್ಟವರದ್ದು ಹಡಗಿನ ಜೊತೆಗೇ ಹೋಗುತ್ತದೆ. ಮುಂದಿನ ಬಂದರಿನವರೆಗಿನ ಖರ್ಚು ಪ್ರಯಾಣಿಕರದ್ದೇ. ಆದ್ದರಿಂದ ಏಜೆಂಟರ ಫೋನ್ ನಂಬರನ್ನು ದಿನದ ಹಾಳೆಯಿಂದ ಬರೆದುಕೊಂಡೇ ಇಳಿಯಬೇಕು.

ಪಾಸ್‌ಪೋರ್ಟೇ ಕಳೆದರೆ ಮೊದಲು ಹಡಗಿನ ಕಚೇರಿಗೆ ತಿಳಿಸಿ, ಸ್ಥಳೀಯ ಪೊಲೀಸರಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಬೇಕು. ಆಮೇಲೆ ಭಾರತದ ರಾಯಭಾರ ಕಚೇರಿ. ಫುಕೆಟ್‌ನಲ್ಲಿ ಕಳೆದುಕೊಂಡವರಿಗೆ ಅದು ಇರುವುದು ಬ್ಯಾಂಕಾಕ್‌ನಲ್ಲಿ. ತುರ್ತಿನಲ್ಲಿ ಸಿಗುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಒಮ್ಮೆ ಮರಳಲು ಮಾತ್ರ. ಅದನ್ನು ಹಿಡಿದು ಉಳಿದ ಬಂದರುಗಳನ್ನು ನೋಡಲಾಗದು. ಕಳೆದ ಪಾಸ್‌ಪೋರ್ಟ್‌ನ ಜೊತೆ ಅದರಲ್ಲಿ ಅಂಟಿದ್ದ ವೀಸಾಗಳೂ ಹೋದಂತೆ. ಕಳೆದಿದೆ ಎಂದು ದಾಖಲಾದ ಪಾಸ್‌ಪೋರ್ಟ್ ಮರುದಿನ ಕ್ಯಾಬಿನ್ನಿನ ಮಂಚದಡಿ ಸಿಕ್ಕರೂ ಪ್ರಯಾಣಕ್ಕೆ ಬಾರದು. ದೂರು ಕೊಡುವ ಮುನ್ನ ಮಂಚದಡಿ ಇನ್ನೊಮ್ಮೆ ನೋಡುವುದರಲ್ಲಿ ನಷ್ಟವಿಲ್ಲ.

ಭಾರತದೊಳಗಿನ ಹಡಗಿಗೆ, ಮುಂಬೈನಿಂದ ಗೋವಾಕ್ಕೆ ಹೋಗುವಂಥದಕ್ಕೆ, ಈ ಯಾವ ರಗಳೆಯೂ ಇಲ್ಲ. ಸರ್ಕಾರಿ ಫೋಟೊ ಗುರುತಿನ ಚೀಟಿಯ ಮೂಲಪ್ರತಿ ಸಾಕು. ಲಕ್ಷದ್ವೀಪಕ್ಕಾದರೆ ಭಾರತೀಯರೂ ಪರ್ಮಿಟ್ ಪಡೆಯಬೇಕು.

ಮತ್ತೆ ವಿದೇಶದ ಮಾರ್ಗಗಳಿಗೆ ಬಂದರೆ, ತೆಗೆದಿಟ್ಟುಕೊಂಡ ಪಾಸ್‌ಪೋರ್ಟ್‌ಗಳನ್ನು ಸಾಮಾನ್ಯವಾಗಿ ಪ್ರವಾಸದ ಕೊನೆಯ ಹೊತ್ತಿಗೆ ಹಿಂದಿರುಗಿಸುತ್ತಾರೆ, ಕಾರ್ಡ್ ತೋರಿಸಿ ಸಹಿ ಹಾಕಿ ಪಡೆಯಬೇಕು. ಭಾರತದವೆಲ್ಲ ಒಂದೇ ಕಡುನೀಲಿ ರಟ್ಟು, ಒಂದೇ ಸಿಂಹಲಾಂಛನ. ಕೌಂಟರ್ ಬಿಡುವ ಮುನ್ನವೇ ಫೋಟೊ ಪುಟ ತೆರೆದು ನೋಡಬೇಕು. ಅದೇ ಹೊತ್ತಿಗೆ ಮೊಹರುಗಳನ್ನೂ. ಎಲ್ಲ ಬಂದರಿನಲ್ಲೂ ಮೊಹರು ಬೀಳುವುದಿಲ್ಲ, ಸಿಂಗಪುರ ಮೊಹರು ಒತ್ತುವುದನ್ನೇ ಬಿಟ್ಟು ಇಮೇಲ್‌ನಲ್ಲಿ ಪಾಸ್ ಕಳಿಸುತ್ತದೆ. ಆ ಇಮೇಲನ್ನು ಅಳಿಸದೆ ಇಟ್ಟುಕೊಳ್ಳಬೇಕು. ಇನ್ನು ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕ್ಯಾಬಿನ್ ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಸಿಬ್ಬಂದಿ ಅವನ್ನು ಒಯ್ದು, ಬೆಳಿಗ್ಗೆ ಇಮಿಗ್ರೇಶನ್ ದಾಟಿದ ಮೇಲೆ ಟರ್ಮಿನಲ್ಲಿನಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಸಂಜೆಯಷ್ಟೇ ವಾಪಸು ಸಿಕ್ಕ ಪಾಸ್‌ಪೋರ್ಟನ್ನು ಭದ್ರವಾಗಿರಲಿ ಎಂದು ಆ ಪೆಟ್ಟಿಗೆಯ ತಳಕ್ಕೆ ಸೇರಿಸಿ ಬೀಗ ಹಾಕಿದವರು ಮರುದಿನ ಸಾಲಿನಲ್ಲಿ ಬರಿಗೈಯಲ್ಲಿ ನಿಂತಿರುತ್ತಾರೆ. ಪೆಟ್ಟಿಗೆ ಇರುವುದು ಇಮಿಗ್ರೇಶನ್ ಕೌಂಟರಿನ ಆಚೆಗೆ.